ಓದುಗರ ಪ್ರಶ್ನೆ: ಆರ್‌ಬಿಐ, ಸೆಬಿ ಕೆಲಸ ಮಾಡೋ ಲಾಯರ್ ಆಗೋದು ಹೇಗೆ?

ಸೆಬಿ ಅಂದ್ರೆ ಷೇರುಪೇಟೆ ನಿಯಂತ್ರಕ, ಎನ್‌ಬಿಎಫ್‌ಸಿ ಅಂದ್ರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ, ಇದಕ್ಕಿಂತ ಜಾಸ್ತಿ ಇಲ್ಲಿ ವಿವರಿಸ್ತಾ ಕೂರಲ್ಲ, ಈ ಫೀಲ್ಡಿಗೆ ಬರೋರಿಗೆ ಅಷ್ಟು ಗೊತ್ತಿರಲೇಬೇಕು. ಪದೇ ಪದೇ ಬರ್ತಿರೋ ಒಂದು ಪ್ರಶ್ನೆಗೇ ಈ ಸಲ ಜಾಸ್ತಿ ಜಾಗ.

ಪ್ರಶ್ನೆ: ಸರ್, ಎರಡು ವರ್ಷದಿಂದ ಸಿವಿಲ್ ಪ್ರಾಕ್ಟೀಸ್ ಮಾಡ್ತಿದ್ದೀನಿ. ಫಿನ್‌ಟೆಕ್ (ಆಪ್, ವೆಬ್‌ಸೈಟ್ ಮೂಲಕ ಹಣಕಾಸು ಸೇವೆ ಕೊಡೋ) ಕಂಪನಿಗಳಿಗೆ ಸಲಹೆ ಕೊಡೋ ಕೆಲಸಕ್ಕೆ ಬರ್ಬೇಕು. ಆರ್‌ಬಿಐ ಸರ್ಕ್ಯುಲರ್ ಎಲ್ಲಾ ಬಾಯಿಪಾಠ ಮಾಡಿದ್ರೆ ಸಾಕಾ?

ಯಾರ್ರೀ ಹೇಳಿದ್ದು ಇದನ್ನ? ಡಿಜಿಟಲ್ ಸಾಲದ, ಅಂದ್ರೆ ಆಪ್ ಮೂಲಕ ಕೊಡೋ ಸಾಲದ ಬಗ್ಗೆ 2022ರ ಸೆಪ್ಟೆಂಬರಲ್ಲಿ ಬಂದ ಆರ್‌ಬಿಐ ಗೈಡ್‌ಲೈನ್ಸ್ ಉರು ಹೊಡೆದೋರು 2025ರ ಮೇ ತಿಂಗಳಲ್ಲಿ ಹೊಸ ಡೈರೆಕ್ಷನ್ಸ್ ಬಂದಾಗ ಮತ್ತೆ ಮೊದಲಿಂದ ಶುರು ಮಾಡ್ಬೇಕಾಯ್ತು. ನೀವು ಕಲೀಬೇಕಾಗಿರೋದು ದುಡ್ಡು ಯಾವ ಅಕೌಂಟಿಂದ ಹೊರಟು ಯಾವ ಅಕೌಂಟಿಗೆ ಹೋಗತ್ತೆ ಅಂತ ನೋಡೋದನ್ನ. ಕ್ಲೈಂಟ್ ಬರ್ತಾರೆ, "ನಾವು ಸಾಲ ಕೊಡಲ್ಲ ಸರ್, ಬರೀ ಟೆಕ್ ಪ್ಲಾಟ್‌ಫಾರ್ಮ್" ಅಂತಾರೆ, ದಪ್ಪ ಅಗ್ರಿಮೆಂಟ್ ಮುಂದಿಡ್ತಾರೆ, ನಾನು ಅದನ್ನ ಪಕ್ಕಕ್ಕಿಟ್ಟು ಸಾಲ ತಗೊಂಡ ಒಬ್ಬರ ಲೆಕ್ಕ ತೋರಿಸಿ ಅಂತೀನಿ. ಸಾಲ 10,000 ರೂಪಾಯಿ, ಕೈಗೆ ಬಂದಿದ್ದು 8,500, 30 ದಿನಕ್ಕೆ ಕಟ್ಟಿದ್ದು ಪೂರ್ತಿ 10,000 ಅಂದ್ಕೊಳಿ. ಮಧ್ಯದ 1,500ಕ್ಕೆ ಪ್ಲಾಟ್‌ಫಾರ್ಮ್ ಫೀ ಅಂತ ಹೆಸರು. ಲೆಕ್ಕ ಹಾಕಿ, ವರ್ಷಕ್ಕೆ 200 ಪರ್ಸೆಂಟ್ ದಾಟತ್ತೆ! ನಿಯಮ ಏನಂದ್ರೆ, ಸಾಲದ ದುಡ್ಡು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯಿಂದ ನೇರ ಸಾಲಗಾರರ ಅಕೌಂಟಿಗೆ ಹೋಗ್ಬೇಕು, ಆಪ್‌ನೋರ ಫೀ ಸಾಲ ಕೊಟ್ಟ ಸಂಸ್ಥೆನೇ ಕೊಡ್ಬೇಕು, ಎಲ್ಲಾ ಖರ್ಚು ಸೇರಿದ ವಾರ್ಷಿಕ ದರ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟಲ್ಲಿ (ಸಾಲಗಾರರಿಗೆ ಕೊಡೋ ಮುಖ್ಯಾಂಶಗಳ ಪತ್ರ) ಕಾಣ್ಬೇಕು. ಇನ್ನು ದುಡ್ಡು ಆಪ್ ಕಂಪನಿದೇ ಆಗಿದ್ದು ಸಾಲ ಕೊಡೋದೇ ಅದರ ಮುಖ್ಯ ವ್ಯವಹಾರ ಆಗಿದ್ರೆ ಆರ್‌ಬಿಐ ಕಾಯ್ದೆಯ ಸೆಕ್ಷನ್ 45-ಐಎ ಪ್ರಕಾರ ರಿಜಿಸ್ಟ್ರೇಷನ್ ಇಲ್ದೆ ನಡೆಸೋ ಹಾಗೇ ಇಲ್ಲ.

ಹೆಸರು ಬದಲಾಯಿಸಿದ್ರೆ ತಪ್ಪಿಸ್ಕೋಬಹುದು ಅನ್ನೋರು ಸಹಾರಾ ಗ್ರೂಪಿನ ಕಂಪನಿಗಳ ಕೇಸಲ್ಲಿ ಬಂದ 2012ರ ತೀರ್ಪು ಓದಿ. ಪ್ರೈವೇಟ್ ಪ್ಲೇಸ್‌ಮೆಂಟ್ (ಆಯ್ದ ಕೆಲವರಿಗಷ್ಟೇ ಆಫರ್ ಮಾಡೋದು) ಅಂತ ಹೇಳ್ಕೊಂಡು ಕೋಟಿಗಟ್ಟಲೆ ಜನರ ಹತ್ರ ದುಡ್ಡು ಎತ್ತಿದ್ರು, ಆಗಿನ ಕಾನೂನಿನ ಪ್ರಕಾರ 50 ಜನ ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ಆಫರ್ ಮಾಡಿದ್ರೆ ಅದು ಪಬ್ಲಿಕ್ ಇಶ್ಯೂನೇ (ಸಾರ್ವಜನಿಕರಿಗೆ ಮಾಡಿದ ಆಫರ್) ಅಂತ ಸುಪ್ರೀಂ ಕೋರ್ಟ್ ಹೇಳಿ 15 ಪರ್ಸೆಂಟ್ ಬಡ್ಡಿ ಸಮೇತ ವಾಪಸ್ ಕೊಡಿ ಅಂತು.

ಇನ್ನೊಂದು, "ಇದು ಬೇಡ" ಅನ್ನೋ ಸಲಹೆನ ಫೋನಲ್ಲಿ ಕೊಡ್ಬೇಡಿ. ನಾನು ಒಮ್ಮೆ ಕೊಟ್ಟಿದ್ದೆ, ನೋಟಿಸ್ ಬಂದಾಗ ಆ ಕ್ಲೈಂಟ್ "ಲಾಯರೇ ಓಕೆ ಅಂದಿದ್ರು" ಅಂದ್ಬಿಟ್ರು. ಅವತ್ತಿಂದ ಫೋನ್ ಇಟ್ಟ ತಕ್ಷಣ ಎರಡು ಸಾಲಾದ್ರೂ ಮೇಲ್ ಹಾಕ್ತೀನಿ.

ಪ್ರಶ್ನೆ: ಎನ್‌ಐಎಸ್‌ಎಂ (ಸೆಬಿ ಸ್ಥಾಪಿಸಿದ ತರಬೇತಿ ಸಂಸ್ಥೆ) ಸರ್ಟಿಫಿಕೇಟ್ ಬೇಕೇಬೇಕಾ?

ಲಾಯರಿಗೆ ಕಡ್ಡಾಯ ಅಲ್ಲ, ಮೊದಲು ಬ್ಯಾಲೆನ್ಸ್ ಶೀಟ್ ಓದೋದು ಕಲೀರಿ.

ಪ್ರಶ್ನೆ: ಒಬ್ಬ ಕನ್ಸಲ್ಟೆಂಟ್ ರೆಡಿಮೇಡ್ ಎನ್‌ಬಿಎಫ್‌ಸಿ, ಅಂದ್ರೆ ಈಗಾಗಲೇ ರಿಜಿಸ್ಟರ್ ಆಗಿರೋ ಕಂಪನಿ ಕೊಡಿಸ್ತಾರಂತೆ, ಆರ್‌ಬಿಐ ಪರ್ಮಿಷನ್ ಬೇಡ್ವಂತೆ. ಕ್ಲೈಂಟಿಗೆ ಹೇಳ್ಲಾ?

ಖಂಡಿತ ಬೇಡ. ಎನ್‌ಬಿಎಫ್‌ಸಿಯ ಹಿಡಿತ ಕೈ ಬದಲಾಗೋ ಮುಂಚೆನೇ ಆರ್‌ಬಿಐ ಒಪ್ಪಿಗೆ ಬೇಕು. ಲೈಸೆನ್ಸ್ ಗ್ಯಾರಂಟಿ ಅಂತ ದುಡ್ಡು ಕೇಳೋರು ಮೋಸಗಾರರು, ಅಂಥವರ ಜೊತೆ ನಿಮ್ಮ ಹೆಸರು ಸೇರಿಸ್ಬೇಡಿ.

ಪ್ರಶ್ನೆ: ಸೆಬಿ ಆರ್ಡರ್ ವಿರುದ್ಧ ಹೈಕೋರ್ಟಿಗೆ ರಿಟ್ ಹಾಕಿದ್ರೆ ಸಾಕಲ್ವಾ?

ಮೇಲ್ಮನವಿಗೆ ಎಸ್‌ಎಟಿ ಅನ್ನೋ ಪ್ರತ್ಯೇಕ ನ್ಯಾಯಮಂಡಳಿ ಇದೆ, 45 ದಿನದ ಗಡುವು, ಆರ್ಡರ್ ಕೈಗೆ ಬಂದ ದಿನದಿಂದಲೇ ಎಣಿಸ್ಕೊಳಿ.