ಪಿಎಸ್5, ಪಿಸಿ ಎರಡರಲ್ಲೂ ಸಿನಿಮಾಗೆ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಸರೌಂಡ್ ಸೌಂಡ್) ಬರುತ್ತೆ, ಗೇಮ್‌ಗೆ ಬರಲ್ಲ. ನಿಂಟೆಂಡೊ ಸ್ವಿಚ್ ಕೂಡ ಇದೆ. ಸೌಂಡ್ ಕಾರ್ಡ್ ತಗೋಬೇಕಾ, ಒಳ್ಳೆ ಆಪ್ಟಿಕಲ್ ಕೇಬಲ್ ತಗೋಬೇಕಾ?

ಎರಡೂ ಬೇಡ. ಪಿಎಸ್5, ಪಿಸಿ ಎರಡೂ ಡಬ್ಬಿ ಎಚ್‌ಡಿಎಂಐನಲ್ಲಿ ಟಿವಿಗೆ, ಟಿವಿಯಿಂದ ಆಪ್ಟಿಕಲ್‌ನಲ್ಲಿ ರಿಸೀವರ್‌ಗೆ (ಸ್ಪೀಕರ್‌ಗಳನ್ನ ನಡೆಸೋ ಆಂಪ್ಲಿಫೈಯರ್) ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ನನ್ನ ಮನೆಯಲ್ಲೂ ಇದೇ ಜೋಡಣೆ ಇತ್ತು, ಬೇಡದ ಸಾಮಾನಿಗೆ ದುಡ್ಡು ಹೋಗಿದ್ದೂ ಇದರಿಂದಲೇ. "ಸಿನಿಮಾಗೆ ಹಿಂದಿನ ಸ್ಪೀಕರ್ ಬರ್ತಿದೆ, ಅಂದ್ರೆ ಕೇಬಲ್ ಸರಿ ಇದೆ, ದೋಷ ಗೇಮ್‌ದೇ" ಅನ್ನೋ ಲೆಕ್ಕಾಚಾರ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ.

ಸಿನಿಮಾದ ಆಡಿಯೋ ಫೈಲಿನಲ್ಲಿ ಮೊದಲೇ, ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಆಗಿ, ಕುಗ್ಗಿಸಿಟ್ಟಿರುತ್ತೆ. ಆರು ಚಾನೆಲ್ ಸೇರಿ ಹೆಚ್ಚೆಂದರೆ 640 ಕೆಬಿಪಿಎಸ್. ಆಪ್ಟಿಕಲ್ ಕೇಬಲ್ ಅದನ್ನ ಆರಾಮಾಗಿ ಹೊತ್ತೊಯ್ಯುತ್ತೆ, ಬಿಡಿಸೋ ಕೆಲಸ ರಿಸೀವರ್‌ದು. ಗೇಮ್ ಹಾಗಲ್ಲ. ನೀವು ಕ್ಯಾಮೆರಾ ತಿರುಗಿಸಿದಾಗೆಲ್ಲ ಗುಂಡಿನ ಸದ್ದು ಬರೋ ದಿಕ್ಕು ಬದಲಾಗಬೇಕು, ಹಾಗಾಗಿ ಆರು ಚಾನೆಲ್‌ಗಳೂ ಆಗಿಂದಾಗ್ಗೆ ಪಿಸಿಎಂ ಅನ್ನೋ ಕುಗ್ಗಿಸದ ಡಿಜಿಟಲ್ ಆಡಿಯೋ ಆಗಿ ತಯಾರಾಗುತ್ತವೆ. 48 ಕಿಲೋಹರ್ಟ್ಸ್, 16 ಬಿಟ್ ಅಂದರೆ ಒಂದು ಚಾನೆಲ್‌ಗೆ 768 ಕೆಬಿಪಿಎಸ್, ಆರಕ್ಕೆ ಸುಮಾರು 4.6 ಎಂಬಿಪಿಎಸ್. ಆಪ್ಟಿಕಲ್‌ನಲ್ಲಿ ಪಿಸಿಎಂಗೆ ಇರೋದು ಎರಡೇ ಚಾನೆಲ್‌ನ ಜಾಗ. ಚಿನ್ನದ ತುದಿ ಹಾಕಿದ ಕೇಬಲ್ ತಂದರೂ ಮೂರನೇ ಚಾನೆಲ್ ಹೋಗಲ್ಲ. ಹಾಗಾಗಿ ಕನ್ಸೋಲ್, ಪಿಸಿ ಅಥವಾ ಟಿವಿ ಆರನ್ನೂ ಎರಡಕ್ಕೆ ಮಡಚಿ ಕಳಿಸುತ್ತೆ, ಎಲ್ಲೂ ಎರರ್ ಬರಲ್ಲ. ಟಿವಿಯ ಆಡಿಯೋವನ್ನ ಎಚ್‌ಡಿಎಂಐನಲ್ಲೇ ರಿಸೀವರ್‌ಗೆ ವಾಪಸ್ ಕಳಿಸೋ ಹಳೇ ಎಆರ್‌ಸಿ ಪೋರ್ಟ್‌ದೂ ಇದೇ ಕಥೆ.

ವಿಂಡೋಸ್ ಬೇರೆ ದಾರಿ ತಪ್ಪಿಸುತ್ತೆ. ಸಪೋರ್ಟೆಡ್ ಫಾರ್ಮ್ಯಾಟ್ಸ್ ಟ್ಯಾಬ್‌ನಲ್ಲಿ ಡಾಲ್ಬಿ ಡಿಜಿಟಲ್ ಟೆಸ್ಟ್ ಒತ್ತಿದರೆ ಹಿಂದಿನ ಸ್ಪೀಕರ್‌ಗಳು ಸೊಗಸಾಗಿ ನುಡಿಯುತ್ತವೆ. ಅದೂ ಮೊದಲೇ ಕುಗ್ಗಿಸಿಟ್ಟ ಸ್ಯಾಂಪಲ್. ಗೇಮ್ ಬಗ್ಗೆ ಅದು ಏನನ್ನೂ ಹೇಳಲ್ಲ.

ರಿಸೀವರ್‌ದು ಇನ್ನೊಂದು ಆಟ. ಡಾಲ್ಬಿ ಸರೌಂಡ್, ಪ್ರೊಲಾಜಿಕ್, ಆಲ್ ಚಾನೆಲ್ ಸ್ಟೀರಿಯೋ ಮೋಡ್‌ಗಳು ಎರಡು ಚಾನೆಲನ್ನೇ ಐದೂ ಸ್ಪೀಕರಿಗೆ ಹಂಚುತ್ತವೆ, ನಾವು "ಆಹಾ, 5.1" ಅಂದುಕೊಳ್ತೀವಿ. ಪರೀಕ್ಷೆ ಮಾಡುವಾಗ ಮೋಡನ್ನ ಡೈರೆಕ್ಟ್ ಅಥವಾ ಸ್ಟ್ರೈಟ್‌ಗೆ ಇಡಿ. ರಿಮೋಟ್‌ನಲ್ಲಿ ಇನ್ಫೋ ಅಥವಾ ಡಿಸ್‌ಪ್ಲೇ ಬಟನ್ ಒತ್ತಿ, ಒಳಗೆ ಬರ್ತಿರೋ ಸಿಗ್ನಲ್ ಏನು ಅಂತ ನೋಡಿ. ಪಿಸಿಎಂ 2.0 ಅಂತಿದ್ದರೆ ಹಿಂದಿನ ಸ್ಪೀಕರ್ ವೈರು ಬಿಚ್ಚಿ ನೋಡೋ ಕೆಲಸಕ್ಕೆ ಹೋಗಬೇಡಿ, ತೊಂದರೆ ಮೂಲದಲ್ಲೇ ಇದೆ. ಮಲ್ಟಿ ಚಾನೆಲ್ ಪಿಸಿಎಂ ಅಂತ ಬಂದೂ ಸದ್ದಿಲ್ಲದಿದ್ದರೆ ಮಾತ್ರ ವೈರು, ಸ್ಪೀಕರ್ ನೋಡಿ.

ಪರಿಹಾರ: ಆಪ್ಟಿಕಲ್ ತೆಗೆದುಹಾಕಿ. ರಿಸೀವರ್‌ಗೆ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಪಿಎಸ್5, ಪಿಸಿ ಎರಡನ್ನೂ ನೇರ ಅದಕ್ಕೇ ಕೊಡಿ, ರಿಸೀವರ್‌ನಿಂದ ಟಿವಿಗೆ ಒಂದೇ ಕೇಬಲ್. ರಿಸೀವರ್ ಎಚ್‌ಡಿಎಂಐ 2.0 ಆಗಿದ್ದರೆ 4ಕೆ 60 ಹರ್ಟ್ಸ್‌ಗೆ ನಿಲ್ಲುತ್ತೆ. ಟಿವಿಯೇ 60 ಹರ್ಟ್ಸ್‌ದಾದರೆ ನಷ್ಟವೇನೂ ಇಲ್ಲ. 120 ಬೇಕೇ ಬೇಕು ಅಂದರೆ ಡಬ್ಬಿಗಳು ಟಿವಿಗೇ ಇರಲಿ, ಟಿವಿ ಮತ್ತು ರಿಸೀವರ್ ಎರಡರಲ್ಲೂ ಇ-ಎಆರ್‌ಸಿ (ಎಆರ್‌ಸಿಯ ಹೊಸ ರೂಪ, ಆರು ಚಾನೆಲ್ ಪಿಸಿಎಂ ಒಯ್ಯುತ್ತೆ) ಇರಬೇಕು. ಒಂದು ಕಡೆ ಮಾತ್ರ ಇದ್ದರೆ ಮತ್ತೆ ಎರಡು ಚಾನೆಲ್ಲೇ. ಟಿವಿಯ ಡಿಜಿಟಲ್ ಸೌಂಡ್ ಔಟ್‌ಪುಟ್ ಪಾಸ್-ಥ್ರೂ ಅಥವಾ ಆಟೋದಲ್ಲಿರಲಿ.

ಪಿಎಸ್5ನಲ್ಲಿ ಸೆಟ್ಟಿಂಗ್ಸ್, ಸೌಂಡ್, ಆಡಿಯೋ ಔಟ್‌ಪುಟ್‌ಗೆ ಹೋಗಿ ಎಚ್‌ಡಿಎಂಐ ಸಾಧನವನ್ನ ಎವಿ ಆಂಪ್ಲಿಫೈಯರ್ ಮಾಡಿ, ಚಾನೆಲ್ 5.1, ಫಾರ್ಮ್ಯಾಟ್ ಲೀನಿಯರ್ ಪಿಸಿಎಂ. ರಿಸೀವರ್ ಮೇಲೆ ಡಾಲ್ಬಿ ಅಂತ ಬರಲ್ಲ ಅಂತ ಬೇಜಾರಾಗಬೇಡಿ. 5.1ಗೆ ಡಾಲ್ಬಿ ಆರಿಸಿದರೆ ಕನ್ಸೋಲ್ ಆಡಿಯೋವನ್ನ ಕುಗ್ಗಿಸಬೇಕು, ರಿಸೀವರ್ ಬಿಡಿಸಬೇಕು, ಅಷ್ಟು ಹೊತ್ತು ಸದ್ದು ತಡ. ಗೇಮ್‌ಗೆ ನನ್ನ ಓಟು ಯಾವಾಗಲೂ ಪಿಸಿಎಂಗೆ. ಆಪ್ಟಿಕಲ್ ಬಿಟ್ಟು ಬೇರೆ ಗತಿಯೇ ಇಲ್ಲದವರು ಮಾತ್ರ ಇಲ್ಲಿ ಡಾಲ್ಬಿ ಆರಿಸಿ. ಆದರೂ ಕೆಲವು ಹಳೇ ಟಿವಿಗಳು ಎಚ್‌ಡಿಎಂಐನಲ್ಲಿ ಬಂದ ಡಾಲ್ಬಿಯನ್ನೂ ಸ್ಟೀರಿಯೋ ಮಾಡಿಯೇ ಆಪ್ಟಿಕಲ್‌ಗೆ ಬಿಡುತ್ತವೆ.

ಪಿಸಿಗೆ ಸೌಂಡ್ ಕಾರ್ಡ್ ಬೇಡ ಅಂದಿದ್ದಕ್ಕೆ ಕಾರಣ, ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐಯೇ ಎಂಟು ಚಾನೆಲ್ ಪಿಸಿಎಂ ಕೊಡುತ್ತೆ. ವಿಂಡೋಸ್ 11ರಲ್ಲಿ ಸಿಸ್ಟಂ, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್. ರಿಸೀವರ್ ಹೆಸರಿನ ಸಾಧನ ಆರಿಸಿ ಕಾನ್ಫಿಗರ್ ಒತ್ತಿ 5.1 ಕೊಡಿ. ಪಟ್ಟಿಯಲ್ಲಿ ಸ್ಟೀರಿಯೋ ಒಂದೇ ಕಂಡರೆ ವಿಂಡೋಸ್ ಮಾತಾಡ್ತಿರೋದು ಟಿವಿ ಜೊತೆ, ರಿಸೀವರ್ ಜೊತೆ ಅಲ್ಲ. ರಿಸೀವರ್ ಆಫ್ ಇದ್ದಾಗ ಪಿಸಿ ಆನ್ ಮಾಡಿದರೂ ಹೀಗಾಗಬಹುದು. ಟಿವಿ, ರಿಸೀವರ್ ಮೊದಲು, ಪಿಸಿ ಆಮೇಲೆ. ಅದೇ ಸಾಧನದ ಸ್ಪೇಷಿಯಲ್ ಸೌಂಡ್‌ನಲ್ಲಿ ವಿಂಡೋಸ್ ಸೋನಿಕ್ ಫಾರ್ ಹೆಡ್‌ಫೋನ್ಸ್ ಆನ್ ಇದ್ದರೆ ಆಫ್ ಮಾಡಿ. ಅದು ಕಿವಿಗೆ ಹಾಕೋ ಎರಡು ಚಾನೆಲ್‌ಗೆ ಮಾಡಿದ್ದು. ಬಹಳಷ್ಟು ಗೇಮ್‌ಗಳು ಶುರುವಾಗುವಾಗ ಮಾತ್ರ ಚಾನೆಲ್ ಎಣಿಸುತ್ತವೆ, ಹಾಗಾಗಿ ಸೆಟ್ಟಿಂಗ್ ಬದಲಿಸಿದ ಮೇಲೆ ಗೇಮ್ ಮುಚ್ಚಿ ತೆರೆಯಿರಿ. ಗೇಮ್ ಒಳಗಿನ ಆಡಿಯೋ ಮೆನುವಿನಲ್ಲೂ ಹೆಡ್‌ಫೋನ್ ಬಿಟ್ಟು ಹೋಂ ಥಿಯೇಟರ್ ಆರಿಸಿ.

ಮಾನಿಟರ್ ಬೇರೆ, ರಿಸೀವರ್ ಬೇರೆ ಅನ್ನೋರು ಗ್ರಾಫಿಕ್ಸ್ ಕಾರ್ಡಿನಿಂದ ಎರಡನೇ ಕೇಬಲ್ಲನ್ನ ರಿಸೀವರ್‌ಗೆ ಕೊಡಬಹುದು. ವಿಂಡೋಸ್ ಅದನ್ನ ಇನ್ನೊಂದು ಪರದೆ ಅಂದುಕೊಳ್ಳುತ್ತೆ. ಅದನ್ನ ಡಿಸ್‌ಕನೆಕ್ಟ್ ಮಾಡಿದರೆ ಆಡಿಯೋ ಸಾಧನವೂ ಮಾಯ. ಎಕ್ಸ್‌ಟೆಂಡ್‌ನಲ್ಲೇ ಬಿಟ್ಟು, ಡಿಸ್‌ಪ್ಲೇ ಚಿತ್ರದಲ್ಲಿ ಅದನ್ನ ಮೂಲೆಗೆ ಮೂಲೆ ತಾಗೋ ಹಾಗೆ ಎಳೆದಿಡಿ, ಮೌಸ್ ಅತ್ತ ಜಾರಲ್ಲ. ರೆಸಲ್ಯೂಷನ್ 1080ಪಿ ಇರಲಿ, 640x480ಗೆ ಇಳಿಸಬೇಡಿ: ಎಚ್‌ಡಿಎಂಐ ಆಡಿಯೋವನ್ನ ಸಾಗಿಸೋದು ಚಿತ್ರದ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ, ಚಿತ್ರ ಚಿಕ್ಕದಾದಷ್ಟೂ ಆ ಜಾಗವೂ ಕಿರಿದು.

ನಿಂಟೆಂಡೊ ಸ್ವಿಚ್ ಕೂಡ ಇದೆ ಅಂದಿರಿ. ಅದು 5.1 ಕೊಡೋದು ಲೀನಿಯರ್ ಪಿಸಿಎಂನಲ್ಲಿ ಮಾತ್ರ, ಡಾಲ್ಬಿ ಆಯ್ಕೆಯೇ ಇಲ್ಲ. ಆಪ್ಟಿಕಲ್‌ನಲ್ಲಿ ಅದರಿಂದ ಸರೌಂಡ್ ಕೇಳೋ ಆಸೆ ಬಿಟ್ಟುಬಿಡಿ. ರಿಸೀವರ್‌ಗೆ ಹಾಕಿ, ಸಿಸ್ಟಂ ಸೆಟ್ಟಿಂಗ್ಸ್‌ನ ಟಿವಿ ಸೌಂಡ್‌ನಲ್ಲಿ ಸರೌಂಡ್ ಆರಿಸಿ.

ಇದನ್ನ ಓದಿ ರಿಸೀವರ್ ಇಲ್ಲದ, ಅಂಗಡಿಯ 5.1 ಮಲ್ಟಿಮೀಡಿಯಾ ಸ್ಪೀಕರ್ ಇಟ್ಟುಕೊಂಡವರು ಪ್ರಯತ್ನಿಸೋ ಮೊದಲು ಸಬ್‌ವೂಫರ್ ಹಿಂಬದಿ ನೋಡಿ. ಇನ್‌ಪುಟ್‌ಗೆ ಕೆಂಪು, ಬಿಳಿ ಎರಡೇ ತೂತಿದ್ದರೆ ಅದು ಐದು ಡಬ್ಬಿಯ ಸ್ಟೀರಿಯೋ, ಯಾವ ಸೆಟ್ಟಿಂಗೂ ಅದನ್ನ 5.1 ಮಾಡಲ್ಲ. ಆರು ಆರ್‌ಸಿಎ ತೂತಿದ್ದರೆ ಪಿಸಿಯ ಮೂರು ಜ್ಯಾಕ್‌ಗಳಿಂದ ಕೊಡಿ: ಹಸಿರು ಮುಂದಿನದಕ್ಕೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ಗೆ. ಮದರ್‌ಬೋರ್ಡಿನಲ್ಲಿ ನೀಲಿ, ಹಸಿರು, ಗುಲಾಬಿ ಮಾತ್ರ ಇದ್ದರೆ ರಿಯಲ್‌ಟೆಕ್ ಕನ್ಸೋಲ್‌ನಲ್ಲಿ 5.1 ಆರಿಸಿ ನೋಡಿ, ಸಾಮಾನ್ಯವಾಗಿ ನೀಲಿ ಹಿಂದಿನದಾಗುತ್ತೆ, ಗುಲಾಬಿ ಸೆಂಟರ್ ಮತ್ತು ಸಬ್ ಆಗುತ್ತೆ. ಮೈಕನ್ನ ಆಗ ಮುಂದಿನ ಪ್ಯಾನೆಲ್‌ಗೆ ಹಾಕಿ.