ಸೈಕಲ್ ಎಂದರೆ ದೂರ ಓಡುವ ಮಗಳು

ಪ್ರಶ್ನೆ: ಮಗಳಿಗೆ ಎಂಟು ವರ್ಷ. 20 ಇಂಚಿನ ಸೈಕಲ್ ಇದೆ. ಪಕ್ಕದ ಪುಟ್ಟ ಚಕ್ರ ತೆಗೆದ ದಿನ ಅವಳ ಅಪ್ಪ ಹಿಂದಿನಿಂದ ಹಿಡಿದಿದ್ದವರು ಹೇಳದೆ ಕೈಬಿಟ್ಟರು, ಬಿದ್ದಳು. ಈಗ ಹತ್ತಿರವೂ ಸುಳಿಯುವುದಿಲ್ಲ. ಮನೆ ಗುಡ್ಡೆಯಲ್ಲಿ, ಸಪಾಟು ಜಾಗ ಅಂಗಳ ಮಾತ್ರ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಸೀಟು ಇಳಿಸಿ. ಕುಳಿತಾಗ ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಊರಬೇಕು. ಪೂರ್ತಿ ಇಳಿಸಿದರೂ ತುದಿಗಾಲೇ ಆದರೆ ಸೈಕಲ್ ದೊಡ್ಡದಾಯಿತು. ಕಲಿಯುವಷ್ಟು ದಿನ ನೆರೆಮನೆಯಿಂದ ಚಿಕ್ಕದನ್ನು ಕೇಳಿ ತನ್ನಿ. ಕಾಲಿಗೆ ನೆಲ ಸಿಕ್ಕಿದರೆ ಅರ್ಧ ಭಯ ಹೋಗುತ್ತದೆ.

ಆಮೇಲೆ ಎರಡೂ ಪೆಡಲ್ ಬಿಚ್ಚಿ. ಹೆಚ್ಚಿನವಕ್ಕೆ 15 ನಂಬರಿನ ಸ್ಪ್ಯಾನರ್ ಆಗುತ್ತದೆ. ಎಡ ಪೆಡಲಿನ ಥ್ರೆಡ್ ಉಲ್ಟಾ, ಅಲ್ಲಿಯೇ ಹೆಚ್ಚಿನವರು ಎಡವುವುದು. ಸ್ಪ್ಯಾನರಿನ ಹಿಡಿ ಮೇಲೆ ಬರುವಂತೆ ಸಿಕ್ಕಿಸಿ ಹಿಂಚಕ್ರದ ಕಡೆಗೆ ಎಳೆಯಿರಿ, ಎರಡೂ ಬದಿಯದ್ದು ಸಡಿಲವಾಗುತ್ತದೆ. ಮತ್ತೆ ಹಾಕುವಾಗ ಮುಂಚಕ್ರದ ಕಡೆಗೆ. ಮೊದಲ ಮೂರ್ನಾಲ್ಕು ಸುತ್ತು ಬರಿಗೈಯಲ್ಲೇ. ಎಡಬಲ ಅದಲುಬದಲಾಗಿ ಬಲವಂತ ಮಾಡಿದರೆ ಪೆಡಲ್ ಕೂರುವ ತೋಳಿನ (ಕ್ರ್ಯಾಂಕ್) ಥ್ರೆಡ್ ಹಾಳು.

ಈಗ ಅವಳು ಸೀಟಿನಲ್ಲಿ ಕುಳಿತು ನಡೆಯಲಿ, ಮತ್ತೆ ಎರಡೂ ಕಾಲಿನಿಂದ ನೂಕಿ ಜಾರಲಿ. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತುಸು ತಿರುಗಬೇಕು. ಪುಟ್ಟ ಚಕ್ರಗಳು ವಾಲಲು ಬಿಡುವುದೇ ಇಲ್ಲವಾದ್ದರಿಂದ ತಿಂಗಳುಗಟ್ಟಲೆ ಬಿಟ್ಟರೂ ಇದು ಬಂದಿರುವುದಿಲ್ಲ. ದಿನಕ್ಕೆ 15 ನಿಮಿಷ ಸಾಕು. ಅಳು ಬರುವ ಮೊದಲೇ ನಿಲ್ಲಿಸಿ.

ಜೊತೆಗೇ ಬ್ರೇಕ್. ಅವಳ ಬೆರಳು ಲಿವರಿಗೆ ಸಲೀಸಾಗಿ ಎಟಕುತ್ತದೆಯೇ ನೋಡಿ, ಇಲ್ಲವಾದರೆ ಸೈಕಲ್ ಅಂಗಡಿಯಲ್ಲಿ ಹತ್ತಿರ ಮಾಡಿಸಿ. ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಹಿಡಿದು ನಿಲ್ಲಲು ಬಂದ ಮೇಲಷ್ಟೇ ಸಣ್ಣ ಇಳಿಜಾರು.

ಕಾಲೂರದೆ ಹತ್ತು ಎಣಿಸುವಷ್ಟು ದೂರ ಜಾರಿದಳೆಂದರೆ ಪೆಡಲ್ ಹಾಕಬಹುದು. ಬಲ ಪೆಡಲ್ ಮುಂದೆ, ತುಸು ಮೇಲೆ ನಿಲ್ಲಲಿ. ಅದನ್ನು ಒತ್ತಿಯೇ ಹೊರಡಬೇಕು. ಹ್ಯಾಂಡಲ್ ನೀವು ಹಿಡಿಯಬೇಡಿ, ಅವಳ ಕೈಗೆ ತೂಕ ತಿಳಿಯುವುದಿಲ್ಲ. ಕಂಕುಳ ಕೆಳಗೆ ಹಗುರಾಗಿ ಹಿಡಿಯಿರಿ. ಬಿಡುವ ಮೊದಲು ಕೇಳಿ, ಅವಳು ಹೂಂ ಎಂದ ಮೇಲೆಯೇ ಬಿಡಿ. ನಿಮ್ಮ ಮನೆಯಲ್ಲಿ ಬಿದ್ದ ಗಾಯಕ್ಕಿಂತ ಮಾಯದೆ ಉಳಿದಿರುವುದು ಈ ನಂಬಿಕೆಯೇ, ಹಾಗಾಗಿ ಅಪ್ಪನೇ ಹಿಡಿಯಲಿ.

ಅಂಗಳದಲ್ಲಿ ಅಡಿಕೆ ಹರವಿದ್ದರೆ ಸಂಜೆ ಶಾಲೆಯ ಮೈದಾನಕ್ಕೆ ಹೋಗಿ. ಮುರಕಲ್ಲಿನ ಹರಳು ಎದ್ದಿರುವಲ್ಲಿ ಬೇಡ, ಚಕ್ರ ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಿಮೆಂಟು ಅಂಗಳ ಅದಕ್ಕಿಂತ ಅಪಾಯ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಕಾಲಿಗೆ ಚಪ್ಪಲಿಯಲ್ಲ, ಶೂ. ಸೀಟು ಏರಿಸುವುದು ಕಡೆಗೆ, ತಿರುವಿನಲ್ಲಿ ತಡವರಿಸದಂತಾದ ಮೇಲೆ, ಒಮ್ಮೆಗೆ ಬೆರಳಗಲದಷ್ಟೇ.