ಮಡಕೆ ಒಡೆಯಿತು, ಮಡಕೆ ಒಡೆದನು: ಕರ್ತೃವಿಗೆ ‘ನೆ’ ಏಕೆ?

ಪ್ರಶ್ನೆ: ನಾನು ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮರಾಠಿ ಕಲಿಸುತ್ತೇನೆ. ನನ್ನ ಮಕ್ಕಳು ‘ತೀ ಆಲಿ’, ‘ತೋ ಆಲಾ’ ಎಂಬಂತಹ ವಾಕ್ಯಗಳನ್ನು ಒಂದೇ ದಿನದಲ್ಲಿ ಕಲಿತರು. ಆದರೆ ‘ಆಕೆ ಮಾವಿನಹಣ್ಣು ತಿಂದಳು’ ಎಂಬುದಕ್ಕೆ ಅವರು ಪ್ರತಿ ಸಲವೂ ‘ತೀ ಆಂಬಾ ಖಾಲ್ಲಿ’ ಎಂದೇ ಬರೆಯುತ್ತಾರೆ. ‘ತಿನೆ ಆಂಬಾ ಖಾಲ್ಲಾ’ ಎಂದು ತಿದ್ದಿದರೆ, ತಿಂದವಳು ಹೆಣ್ಣಾಗಿರುವಾಗ ಕ್ರಿಯಾಪದ ಏಕೆ ಗಂಡಾಯಿತು ಎಂದು ಕೇಳುತ್ತಾರೆ. ಅವರಿಗೆ ಏನೆಂದು ಉತ್ತರಿಸಲಿ?

ಉತ್ತರ: ನಿಮ್ಮ ಮಕ್ಕಳು ಕೇಳಿದ ಪ್ರಶ್ನೆಯನ್ನು ಭಾಷಾವಿಜ್ಞಾನಿಗಳು ಬಹಳ ಕಾಲದಿಂದ ಕೇಳುತ್ತಿದ್ದಾರೆ. ಅವರ ತಪ್ಪಿನಲ್ಲಿ ಅಜಾಗರೂಕತೆಯಿಲ್ಲ, ಕನ್ನಡದ ವ್ಯಾಕರಣವನ್ನು ಅವರು ಚೆನ್ನಾಗಿ ಬಲ್ಲರು ಎಂಬುದಕ್ಕೆ ಅದೇ ಸಾಕ್ಷಿ. ಉತ್ತರವನ್ನು ಮಾವಿನಹಣ್ಣಿಗಿಂತ ಮಡಕೆಯಿಂದ ಆರಂಭಿಸುವುದು ಸುಲಭ, ಏಕೆಂದರೆ ಆ ಪದ ಎರಡೂ ಭಾಷೆಗಳಲ್ಲಿದೆ.

ಕನ್ನಡದಲ್ಲಿ ‘ಹುಡುಗ ಬಂದನು’, ‘ಹುಡುಗ ಮಡಕೆಯನ್ನು ಒಡೆದನು’ ಎನ್ನುತ್ತೇವೆ. ಬಂದವನೂ ಒಡೆದವನೂ ಒಂದೇ ರೂಪದಲ್ಲಿದ್ದಾರೆ, ಇಬ್ಬರೂ ಪ್ರಥಮಾ ವಿಭಕ್ತಿಯಲ್ಲಿದ್ದಾರೆ, ಕ್ರಿಯಾಪದ ಇಬ್ಬರನ್ನೂ ಅನುಸರಿಸಿ ‘-ಅನು’ ಎಂದು ಮುಗಿಯುತ್ತದೆ. ಒಡೆಯಲಾದ ಮಡಕೆ ಮಾತ್ರ ‘ಅನ್ನು’ ಪಡೆದು ಬೇರೆಯಾಗಿ ನಿಲ್ಲುತ್ತದೆ. ಈಗ ಮರಾಠಿಯನ್ನು ನೋಡಿ: ‘ಮುಲಗಾ ಆಲಾ’, ‘ಮಡಕೆ ಫುಟಲೆ’, ‘ಮುಲಗ್ಯಾನೆ ಮಡಕೆ ಫೋಡಲೆ’. ತಾನಾಗಿ ಒಡೆದ ಮಡಕೆಯೂ ಹುಡುಗ ಒಡೆದ ಮಡಕೆಯೂ ಒಂದೇ ರೂಪದಲ್ಲಿವೆ, ಎರಡು ಕ್ರಿಯಾಪದಗಳೂ ಮಡಕೆಯ ನಪುಂಸಕಲಿಂಗವನ್ನೇ ಹಿಡಿದು ‘-ಲೆ’ ಎಂದು ಮುಗಿದಿವೆ. ಬೇರೆಯಾಗಿ ನಿಂತಿರುವವನು ಒಡೆದವನು. ‘ನೆ’ ಬಿದ್ದಿರುವುದು ಅವನ ಮೇಲೆ.

ಬಂದವನು, ಒಡೆದವನು, ಒಡೆದದ್ದು ಎಂಬ ಮೂರು ಪಾತ್ರಗಳಲ್ಲಿ ಯಾವ ಎರಡನ್ನು ಒಂದೇ ಗುಂಪಿಗೆ ಸೇರಿಸಬೇಕು ಎಂಬುದನ್ನು ಪ್ರತಿಯೊಂದು ಭಾಷೆಯೂ ತನಗೆ ತಾನೇ ನಿರ್ಧರಿಸಿಕೊಳ್ಳುತ್ತದೆ. ಬಂದವನನ್ನು ಒಡೆದವನ ಜೊತೆ ಸೇರಿಸುವುದು ಕನ್ನಡ, ತಮಿಳು, ತೆಲುಗುಗಳ ದಾರಿ. ಬಂದವನನ್ನು ಒಡೆದದ್ದರ ಜೊತೆ ಸೇರಿಸಿ, ಒಡೆದವನಿಗೆ ಮಾತ್ರ ಪ್ರತ್ಯೇಕ ಗುರುತು ಹಾಕುವ ದಾರಿಗೆ ಭಾಷಾವಿಜ್ಞಾನದಲ್ಲಿ ಎರ್ಗೆಟಿವ್ ಎಂಬ ಹೆಸರಿದೆ. ಗ್ರೀಕಿನ ‘ಎರ್ಗೋನ್’, ಅಂದರೆ ಕೆಲಸ, ಎಂಬ ಮಾತಿನಿಂದ ಬಂದ ಹೆಸರು ಅದು. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನಮ್ಮಂತೆಯೇ ಎರಡು ದೊಡ್ಡ ಭಾಷೆಗಳ ನಡುವೆ ಬದುಕುತ್ತಿರುವ ಬಾಸ್ಕ್ ಜನ ‘ಮನುಷ್ಯ ಬಂದಿದ್ದಾನೆ’ ಎನ್ನಲು ‘ಗಿಸೋನಾ ಎತೋರಿ ದಾ’ ಎನ್ನುತ್ತಾರೆ. ‘ಮನುಷ್ಯ ಹುಡುಗನನ್ನು ನೋಡಿದ್ದಾನೆ’ ಎನ್ನಬೇಕಾದರೆ ‘ಗಿಸೋನಾಕ್ ಮುತಿಲಾ ಇಕುಸಿ ದು’ ಎನ್ನುತ್ತಾರೆ. ಆ ‘ಕ್’ ಮರಾಠಿಯ ‘ನೆ’ ಮಾಡುವ ಕೆಲಸವನ್ನೇ ಮಾಡುತ್ತದೆ. ಬರ್ನಾರ್ಡ್ ಕಾಮ್ರಿ ಅವರು ಜಗತ್ತಿನ 190 ಭಾಷೆಗಳಲ್ಲಿ ನಾಮಪದಗಳಿಗೆ ಈ ಪಾತ್ರಗಳ ಗುರುತು ಹೇಗೆ ಬೀಳುತ್ತದೆ ಎಂದು ಪರಿಶೀಲಿಸಿದಾಗ 98 ಭಾಷೆಗಳು ಯಾವ ಗುರುತನ್ನೂ ಹಾಕದವಾಗಿದ್ದವು, 52 ನಮ್ಮ ಬಗೆಯವು, 32 ಎರ್ಗೆಟಿವ್ ಬಗೆಯವು. ಹಾಗಾಗಿ ಇದನ್ನು ವಿಚಿತ್ರವೆಂದು ಮಕ್ಕಳಿಗೆ ಪರಿಚಯಿಸಬೇಡಿ.

ಆದರೆ ‘ತೀ ಆಂಬಾ ಖಾತೆ’ ಎಂಬ ವರ್ತಮಾನದಲ್ಲಿ ಕ್ರಿಯಾಪದ ಹೆಣ್ಣನ್ನೇ ಅನುಸರಿಸುತ್ತದೆಯಲ್ಲ, ಭೂತಕಾಲಕ್ಕೆ ಮಾತ್ರ ಏಕೆ ಈ ಪಲ್ಲಟ ಎಂದು ಮಕ್ಕಳು ಮುಂದೆ ಕೇಳಿಯೇ ಕೇಳುತ್ತಾರೆ. ಇದರ ಬೇರು ಸಂಸ್ಕೃತದಲ್ಲಿದೆ. ಸಂಸ್ಕೃತದ ಹಳೆಯ ಭೂತಕಾಲದ ರೂಪಗಳು ಜನರ ಆಡುಮಾತಿನಲ್ಲಿ ಸವೆದುಹೋದಾಗ, ಅವುಗಳ ಜಾಗಕ್ಕೆ ‘ತ’ ಪ್ರತ್ಯಯದ ಕೃದಂತ ಬಂದಿತು. ಆ ಕೃದಂತ ನಿಜದಲ್ಲಿ ಒಂದು ವಿಶೇಷಣ. ‘ರಾಮೇಣ ಫಲಂ ದೃಷ್ಟಮ್’, ‘ರಾಮೇಣ ಮಾಲಾ ದೃಷ್ಟಾ’ ಎಂಬಲ್ಲಿ ಅದು ಕಂಡದ್ದನ್ನು ವರ್ಣಿಸುತ್ತದೆ, ಆದ್ದರಿಂದ ಅದರದೇ ಲಿಂಗವನ್ನು ಪಡೆಯುತ್ತದೆ. ‘ರಾಮಃ ಗತಃ’, ‘ಸೀತಾ ಗತಾ’ ಎಂಬಲ್ಲಿ ಹೋದವರ ಹೊರತು ವರ್ಣಿಸಲು ಬೇರೇನೂ ಇಲ್ಲ. ಮರಾಠಿಯ ‘ಖಾತೋ’, ‘ಖಾತೆ’ಗಳು ಹುಟ್ಟಿದ್ದು ವರ್ತಮಾನ ಕೃದಂತದಿಂದ, ಅದು ಮಾಡುತ್ತಿರುವವರ ವಿಶೇಷಣ. ಓದುತ್ತಿರುವ ಹುಡುಗಿ, ಓದಿದ ಪುಸ್ತಕ ಎಂಬ ಎರಡು ಮಾತುಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿ. ಮೊದಲನೆಯದು ಹುಡುಗಿಗೆ ಅಂಟಿಕೊಂಡಿದೆ, ಎರಡನೆಯದು ಪುಸ್ತಕಕ್ಕೆ. ಮರಾಠಿಯ ಎರಡು ಕಾಲಗಳು ಆ ಎರಡು ವಿಶೇಷಣಗಳ ಮೊಮ್ಮಕ್ಕಳು.

ಹೀಗೆ ಕಾಲಕ್ಕೆ ತಕ್ಕಂತೆ ಒಡೆದುಕೊಂಡ ಭಾಷೆ ಮರಾಠಿಯೊಂದೇ ಅಲ್ಲ. ಹಿಂದಿ, ಪಂಜಾಬಿ, ಗುಜರಾತಿ, ಪಶ್ತೋಗಳಲ್ಲಿಯೂ ಇದೇ ಒಡಕು ಇದೆ. ಈ ಕುಟುಂಬಕ್ಕೆ ಯಾವ ಸಂಬಂಧವೂ ಇಲ್ಲದ, ಕಾಕಸಸ್ ಬೆಟ್ಟಗಳ ಜಾರ್ಜಿಯನ್ ಭಾಷೆಯಲ್ಲಿ ವಿದ್ಯಾರ್ಥಿ ಪತ್ರ ಬರೆಯುತ್ತಿರುವಾಗ ‘ಸ್ಟುಡೆಂಟಿ’, ಬರೆದು ಮುಗಿಸಿದ ಮೇಲೆ ‘ಸ್ಟುಡೆಂಟ್‌ಮಾ’ ಆಗುತ್ತಾನೆ. ಕೆಲಸ ಮುಗಿದಾಗ ದೃಷ್ಟಿ ಅದರ ಫಲದ ಕಡೆಗೆ ಹೊರಳುತ್ತದೆ ಎಂದು ಹಲವರು ಇದನ್ನು ವಿವರಿಸುತ್ತಾರೆ, ನನಗೂ ಆ ವಿವರಣೆ ಒಪ್ಪಿಗೆಯಾಗಿದೆ.

ಪ್ರಶ್ನೆ: ಮರಾಠಿ ಶಾಲಾ ವ್ಯಾಕರಣದಲ್ಲಿ ‘ತ್ಯಾನೆ ಆಂಬಾ ಖಾಲ್ಲಾ’ ಎಂಬುದನ್ನು ಕರ್ಮಣಿ ಪ್ರಯೋಗ ಎಂದು ಕರೆದಿದ್ದಾರೆ. ಹಾಗಾದರೆ ಇದರ ಸರಿಯಾದ ಕನ್ನಡ ಅನುವಾದ ‘ಅವನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು’ ಎಂದೇ? (ಜತ್ತ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಅಲ್ಲ. ಈ ಅನುವಾದವನ್ನು ಗಡಿಭಾಗದ ತರಗತಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ, ಕೇಳಿದಾಗಲೆಲ್ಲ ನೊಂದಿದ್ದೇನೆ. ‘ತಿನ್ನಲ್ಪಟ್ಟಿತು’ ಎಂದು ಕನ್ನಡಿಗರು ಮನೆಯಲ್ಲಿ ಆಡುವುದಿಲ್ಲ. ‘ತ್ಯಾನೆ ಆಂಬಾ ಖಾಲ್ಲಾ’ ಎಂಬುದಾದರೋ ಮರಾಠಿ ಮಗು ಮಾತು ಕಲಿಯುತ್ತಲೇ ಆಡುವ ವಾಕ್ಯ, ಅದನ್ನು ಹೇಳಲು ಆ ಭಾಷೆಯಲ್ಲಿ ಬೇರೆ ನೇರವಾದ ದಾರಿಯೇ ಇಲ್ಲ. ಕರ್ಮಣಿ ಎಂಬ ಹೆಸರು ಕ್ರಿಯಾಪದ ಕರ್ಮವನ್ನು ಅನುಸರಿಸುತ್ತದೆ ಎಂಬಷ್ಟನ್ನೇ ಹೇಳುತ್ತದೆ, ಆ ಮಟ್ಟಿಗೆ ಅದು ಸರಿಯಾದ ಹೆಸರು. ಕರ್ತೃ ಹಿಂದೆ ಸರಿದಿದ್ದಾನೆ ಎಂದು ಅದು ಹೇಳುವುದಿಲ್ಲ.

ಕರ್ತೃ ತನ್ನ ಸ್ಥಾನದಲ್ಲಿಯೇ ಇದ್ದಾನೆ ಎಂಬುದಕ್ಕೆ ಎರಡು ಪರೀಕ್ಷೆಗಳಿವೆ. ‘ತ್ಯಾನೆ ಆಪಲೆ ಪುಸ್ತಕ ವಾಚಲೆ’ ಎಂದಾಗ ‘ಆಪಲೆ’ ಎಂಬುದು ಓದಿದವನ ಪುಸ್ತಕವನ್ನೇ ಸೂಚಿಸುತ್ತದೆ, ನಮ್ಮ ‘ತನ್ನ’ ಇದ್ದ ಹಾಗೆ. ‘ಘರೀ ಜಾಊನ್ ತ್ಯಾನೆ ಆಂಬಾ ಖಾಲ್ಲಾ’ ಎಂದರೆ ಮನೆಗೆ ಹೋದವನೂ ತಿಂದವನೂ ಒಬ್ಬನೇ. ‘ಮನೆಗೆ ಹೋಗಿ ಮಾವಿನಹಣ್ಣು ತಿಂದನು’ ಎಂಬುದಕ್ಕೂ ಅದಕ್ಕೂ ಅರ್ಥದಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ಅಂದರೆ ಮರಾಠಿಯ ಎರ್ಗೆಟಿವ್ ಗುಣ ವಿಭಕ್ತಿ ಮತ್ತು ಕ್ರಿಯಾಪದದ ತುದಿಯವರೆಗೆ ಮಾತ್ರ ಇದೆ, ವಾಕ್ಯವನ್ನು ವಾಕ್ಯಕ್ಕೆ ಹೆಣೆಯುವ ಒಳಗಿನ ಕಟ್ಟಡ ಕನ್ನಡದಂತೆಯೇ ಇದೆ.

ಆ ಒಳಗಿನ ಕಟ್ಟಡವೂ ಎರ್ಗೆಟಿವ್ ಆಗಿರುವ ಭಾಷೆಗಳು ಇವೆ, ಆದರೆ ವಿರಳ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಡ್ಯಿರ್ಬಲ್ ಭಾಷೆಯ ವ್ಯಾಕರಣವನ್ನು ಆರ್. ಎಂ. ಡಬ್ಲ್ಯೂ. ಡಿಕ್ಸನ್ ಅವರು 1972ರಲ್ಲಿ ಪ್ರಕಟಿಸಿದರು. ಆ ಭಾಷೆಯ ‘ಙುಮ ಯಬುಙ್ಗು ಬುರನ್ ಬನಗಞು’ ಎಂಬ ವಾಕ್ಯವನ್ನು ನೋಡಿ. ಙುಮ ಎಂದರೆ ತಂದೆ, ಯಬು ಎಂದರೆ ತಾಯಿ, ‘ಙ್ಗು’ ಅವರ ‘ನೆ’. ತಾಯಿ ತಂದೆಯನ್ನು ನೋಡಿದಳು, ಹಿಂದಿರುಗಿದ್ದಾಯಿತು ಎಂದು ಅದರ ಪದಗಳ ಅರ್ಥ. ಹಿಂದಿರುಗಿದವರು ಯಾರು? ಕನ್ನಡಿಗರಿಗೂ ಮರಾಠಿಗರಿಗೂ ತಾಯಿ ಎಂದು ತೋರುತ್ತದೆ. ಡ್ಯಿರ್ಬಲ್ ಜನರಿಗೆ ಹಿಂದಿರುಗಿದವನು ತಂದೆ, ಅದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಏಕೆಂದರೆ ಎರಡು ವಾಕ್ಯಗಳ ನಡುವೆ ಹಂಚಿಕೊಳ್ಳಬಹುದಾದ ಪಾತ್ರ ನೋಡಲಾದವನು ಮತ್ತು ಹಿಂದಿರುಗಿದವನು ಮಾತ್ರ. ತಾಯಿಯೇ ಹಿಂದಿರುಗಿದಳು ಎನ್ನಬೇಕಾದರೆ ಮೊದಲ ಕ್ರಿಯಾಪದಕ್ಕೆ ಬೇರೊಂದು ಪ್ರತ್ಯಯ ಹಚ್ಚಿ, ತಾಯಿಯ ‘ಙ್ಗು’ ಕಳಚಿ, ವಾಕ್ಯವನ್ನು ಮರುಕಟ್ಟಬೇಕು. ನನ್ನ ಮಟ್ಟಿಗೆ ಭಾಷೆಗಳ ಅಧ್ಯಯನದಲ್ಲಿ ಇಷ್ಟು ಬೆರಗು ಹುಟ್ಟಿಸಿದ ಉದಾಹರಣೆ ಮತ್ತೊಂದಿಲ್ಲ.

ಪ್ರಶ್ನೆ: ಸಕರ್ಮಕ ಕ್ರಿಯೆಗೆ ಭೂತಕಾಲದಲ್ಲಿ ‘ನೆ’ ಬರುತ್ತದೆ ಎಂಬ ನಿಯಮವಿದ್ದರೂ, ಸೊಲ್ಲಾಪುರದ ಪೇಟೆಯಲ್ಲಿ ‘ತೋ ಪಾಣೀ ಪ್ಯಾಯಲಾ’, ‘ತೀ ನಾವ್ ವಿಸರಲಿ’ ಎಂದೇ ಕೇಳುತ್ತೇನೆ. ‘ಮೀ’, ‘ತೂ’ಗಳಿಗಂತೂ ‘ನೆ’ ಬರುವುದೇ ಇಲ್ಲ. ನಿಯಮ ತಪ್ಪೇ, ಪೇಟೆಯ ಮಾತು ತಪ್ಪೇ? (ದಕ್ಷಿಣ ಸೊಲ್ಲಾಪುರದ ಓದುಗರೊಬ್ಬರು)

ಉತ್ತರ: ಪೇಟೆಯ ಮಾತು ಸರಿಯಾಗಿದೆ. ಶಿಷ್ಟ ಮರಾಠಿಯಲ್ಲಿಯೂ ಕುಡಿ, ಮರೆ, ಕಲಿ, ಮಾತನಾಡು ಎಂಬ ಅರ್ಥದ ಧಾತುಗಳು ಕರ್ಮವನ್ನು ಪಡೆದರೂ ‘ನೆ’ಯನ್ನು ಪಡೆಯುವುದಿಲ್ಲ. ನಿಯಮಕ್ಕೆ ಸ್ವಲ್ಪ ಆಳ ಬೇಕು, ಅಷ್ಟೆ.

ಸಕರ್ಮಕ, ಅಕರ್ಮಕ ಎಂಬ ಎರಡೇ ಡಬ್ಬಿಗಳಿವೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಪಾಲ್ ಹಾಪರ್ ಮತ್ತು ಸ್ಯಾಂಡ್ರಾ ಥಾಂಪ್ಸನ್ 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಕರ್ಮಕತೆಯನ್ನು ಹೆಚ್ಚು ಕಡಿಮೆಯಾಗಬಲ್ಲ ಗುಣವೆಂದು ನೋಡಿ, ಅದನ್ನು ಅಳೆಯಲು ಹತ್ತು ಲಕ್ಷಣಗಳನ್ನು ಕೊಟ್ಟರು. ಕೆಲಸ ಮುಗಿಯಿತೇ, ಬೇಕೆಂದೇ ಮಾಡಿದ್ದೇ, ಕರ್ಮದ ಮೇಲೆ ಪೂರ್ತಿ ಪರಿಣಾಮವಾಯಿತೇ ಎಂಬುವು ಅವುಗಳಲ್ಲಿ ಸೇರಿವೆ. ಮಡಕೆ ಒಡೆಯುವುದು ಈ ಅಳತೆಯಲ್ಲಿ ಮೇಲಿದೆ. ಹೆಸರು ಮರೆಯುವುದು ಬಹಳ ಕೆಳಗಿದೆ, ಮರೆತದ್ದರಿಂದ ಹೆಸರಿಗೆ ಏನೂ ಆಗುವುದಿಲ್ಲ, ಮರೆಯುವವರು ಬೇಕೆಂದು ಮರೆಯುವುದೂ ಇಲ್ಲ. ಕಲಿತದ್ದರ ಫಲ ಕಲಿತವಳಲ್ಲಿಯೇ ಉಳಿಯುತ್ತದೆ.

ಆದರೂ ಅರ್ಥವೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಾನು ಹೇಳಲಾರೆ. ಮರಾಠಿಯಲ್ಲಿ ತಿಂದವನಿಗೆ ‘ನೆ’ ಉಂಟು, ಕುಡಿದವನಿಗೆ ಇಲ್ಲ. ಪುಸ್ತಕ ತಂದವನಿಗೆ ಮರಾಠಿಯಲ್ಲಿ ‘ರಾಮಾನೆ ಪುಸ್ತಕ ಆಣಲೆ’ ಎಂದು ‘ನೆ’ ಬಂದರೆ, ಹಿಂದಿಯಲ್ಲಿ ‘ರಾಮ್ ಕಿತಾಬ್ ಲಾಯಾ’ ಎಂದು ಬರುವುದಿಲ್ಲ. ಸೀನಿದವನಿಗೆ ಕರ್ಮವೇ ಇಲ್ಲದಿದ್ದರೂ ಹಿಂದಿಯಲ್ಲಿ ‘ಉಸ್‌ನೇ ಛೀಂಕಾ’ ಎನ್ನುತ್ತಾರೆ. ಪಾಣಿನಿಗೂ ಈ ತೊಡಕು ಎದುರಾಗಿತ್ತು. ‘ರಾಮಃ ಗ್ರಾಮಂ ಗತಃ’ ಎಂಬಲ್ಲಿ ಗ್ರಾಮ ವ್ಯಾಕರಣದ ಪ್ರಕಾರ ಕರ್ಮವೇ, ಆದರೂ ಕೃದಂತ ರಾಮನನ್ನು ಅನುಸರಿಸುತ್ತದೆ. ಅದಕ್ಕಾಗಿ ಅಷ್ಟಾಧ್ಯಾಯಿಯ 3.4.72ನೆಯ ಸೂತ್ರದಲ್ಲಿ ಅಕರ್ಮಕ ಧಾತುಗಳ ಜೊತೆಗೆ ಗಮನಾರ್ಥಕ ಧಾತುಗಳನ್ನೂ ಇನ್ನು ಕೆಲವನ್ನು ಹೆಸರಿಸಿಯೂ ಪಟ್ಟಿಮಾಡಬೇಕಾಯಿತು. ಪಟ್ಟಿಯಿಲ್ಲದೆ ಪಾಣಿನಿಗೇ ಆಗಲಿಲ್ಲ ಎಂದ ಮೇಲೆ ಮಕ್ಕಳಿಗೆ ಒಂದು ಸಣ್ಣ ಪಟ್ಟಿ ಕೊಡುವುದರಲ್ಲಿ ಸಂಕೋಚ ಬೇಡ.

ಇನ್ನು ‘ಮೀ’, ‘ತೂ’. ಕ್ರಿಯಾಪದವನ್ನು ಗಮನಿಸಿ: ‘ಮೀ ಆಂಬಾ ಖಾಲ್ಲಾ’, ‘ಮೀ ಭಾಕರಿ ಖಾಲ್ಲಿ’. ಅದು ರೊಟ್ಟಿಯನ್ನೇ ಅನುಸರಿಸುತ್ತಿದೆ, ಆದ್ದರಿಂದ ರಚನೆ ಎರ್ಗೆಟಿವ್ ಆಗಿಯೇ ಇದೆ, ಕರ್ತೃವಿನ ಮೇಲಿನ ಗುರುತು ಮಾತ್ರ ಕಾಣುವುದಿಲ್ಲ. ಹಳೆಯ ಮರಾಠಿಯಲ್ಲಿ ‘ಮ್ಯಾಂ’, ‘ತ್ವಾಂ’ ಎಂಬ ಪ್ರತ್ಯೇಕ ರೂಪಗಳಿದ್ದವು, ಅವು ಬಳಕೆ ತಪ್ಪಿದವು. ‘ತೂ ಭಾಕರಿ ಖಾಲ್ಲೀಸ್’ ಎಂಬುದು ಇನ್ನೂ ಸ್ವಾರಸ್ಯಕರವಾದುದು. ‘ಲ್ಲೀ’ ರೊಟ್ಟಿಗೆ, ‘ಸ್’ ತಿಂದ ನಿನಗೆ. ಒಂದೇ ಕ್ರಿಯಾಪದ ಇಬ್ಬರಿಗೂ ಲೆಕ್ಕ ಒಪ್ಪಿಸುತ್ತಿದೆ. ಡ್ಯಿರ್ಬಲ್‌ನಲ್ಲಿಯೂ ‘ನಾನು’, ‘ನೀನು’ಗಳು ಎರ್ಗೆಟಿವ್ ಗುರುತನ್ನು ಪಡೆಯುವುದಿಲ್ಲ. ಮೈಕೆಲ್ ಸಿಲ್ವರ್‌ಸ್ಟೀನ್ 1976ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳವಾಗಿದೆ: ಮಾತನಾಡುವವನೂ ಕೇಳುವವನೂ ಮಾಡುವವರಾಗಿರುವುದು ಸಹಜವೆಂದು ಎಲ್ಲರೂ ಎಣಿಸುತ್ತಾರೆ, ಸಹಜವಾದುದಕ್ಕೆ ಗುರುತು ಬೇಕಾಗುವುದಿಲ್ಲ.

ಪ್ರಶ್ನೆ: ಇಷ್ಟು ಕಾಲ ಮರಾಠಿಯ ಜೊತೆ ಬಾಳಿದ ನಮ್ಮ ಗಡಿನಾಡ ಕನ್ನಡಕ್ಕೆ ಈ ಗುಣ ಏಕೆ ಅಂಟಲಿಲ್ಲ? (ಮಿರಜ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ತಾಲ್ಲೂಕಿನ ಕುಪವಾಡವೇ ಈ ವಿಷಯದಲ್ಲಿ ಜಗತ್ತಿನ ಭಾಷಾವಿಜ್ಞಾನಿಗಳಿಗೆಲ್ಲ ಪರಿಚಿತವಾದ ಊರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ತಂತಮ್ಮ ಪದಗಳನ್ನು ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಎಷ್ಟು ಹತ್ತಿರ ಬಂದಿವೆಯೆಂದರೆ ಪದಕ್ಕೆ ಪದ ಇಟ್ಟು ಒಂದರಿಂದ ಇನ್ನೊಂದಕ್ಕೆ ಹೋಗಬಹುದು ಎಂದು ತೋರಿಸಿದರು.

ಅಂತಹ ನೆರೆಯಲ್ಲಿಯೂ ಕನ್ನಡ ಎರ್ಗೆಟಿವ್ ಆಗದಿರುವುದಕ್ಕೆ ನನಗೆ ತೋರುವ ಕಾರಣ ನಮ್ಮ ಕ್ರಿಯಾಪದದ ತುದಿ. ‘ಅಂವ ಮಡಕಿ ಒಡದ’, ‘ಮಡಕಿ ಒಡೀತು’ ಎಂಬ ನಿಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಧಾತು ಒಂದೇ, ‘ಅನ್ನು’ ಸಹ ಬಿದ್ದುಹೋಗಿದೆ, ಆದರೂ ಯಾರೋ ಒಡೆದರೋ ತಾನಾಗಿ ಒಡೆಯಿತೋ ಎಂಬುದು ಕ್ರಿಯಾಪದದ ಕೊನೆಯಿಂದ ಕೂಡಲೇ ತಿಳಿಯುತ್ತದೆ. ಮರಾಠಿಗೆ ಆ ಕೆಲಸಕ್ಕೆ ‘ಫುಟ’ ಮತ್ತು ‘ಫೋಡ’ ಎಂಬ ಎರಡು ಧಾತುಗಳಿವೆ, ಜೊತೆಗೆ ‘ನೆ’ ಇದೆ. ಕರ್ತೃವನ್ನು ಇಷ್ಟು ಬಿಗಿಯಾಗಿ ಹಿಡಿದ ಕ್ರಿಯಾಪದವಿರುವಾಗ ಕನ್ನಡಕ್ಕೆ ಹೊಸ ಗುರುತಿನ ಅಗತ್ಯ ಬೀಳಲಿಲ್ಲ.

ಪ್ರಭಾವ ಹರಿದಿದ್ದರೆ ಅದು ಇನ್ನೊಂದು ದಿಕ್ಕಿಗೆ ಹರಿದಿದೆ. ನಿಮ್ಮ ನೆರೆಹೊರೆಯಲ್ಲಿ ಆಡುವ ದಖನಿಯನ್ನು, ಅಂದರೆ ದಕ್ಷಿಣದ ಉರ್ದುವನ್ನು, ಕಿವಿಗೊಟ್ಟು ಕೇಳಿ. ಉತ್ತರದ ಉರ್ದುವಿನಲ್ಲಿ ‘ಮೈಂನೇ ರೋಟಿ ಖಾಯಿ’ ಎಂದು ಕ್ರಿಯಾಪದ ರೊಟ್ಟಿಯನ್ನು ಅನುಸರಿಸಿದರೆ, ದಖನಿಯಲ್ಲಿ ‘ನೇ’ ಬಹುಮಟ್ಟಿಗೆ ಬಿದ್ದುಹೋಗಿ, ‘ಮೈಂ ರೋಟಿ ಖಾಯಾ’ ಎಂದು ತಿಂದವನನ್ನೇ ಅನುಸರಿಸುತ್ತದೆ. ಶತಮಾನಗಳ ಕಾಲ ಕನ್ನಡ ಮತ್ತು ತೆಲುಗು ಆಡುವವರ ನಡುವೆ ಬೆಳೆದ ಆ ಭಾಷೆ, ಅಕ್ಕಲಕೋಟೆಯ ಆ ಮಕ್ಕಳು ಮರಾಠಿಯಲ್ಲಿ ಬರೆದ ‘ತೀ ಆಂಬಾ ಖಾಲ್ಲಿ’ ಎಂಬ ವಾಕ್ಯದ ದಾರಿಯನ್ನೇ ಹಿಡಿದಿದೆ.